ಒಂದು ರೂಪಾಯಿ ನೋಟಿನ ಹಿಂದಿರುವ ಸಮುದ್ರ

ನಿಮ್ಮ ಮನೆಯಲ್ಲಿ ಒಂದು ರೂಪಾಯಿಯ ನೋಟು ಇದೆಯಾ? ನಾಣ್ಯ ಅಲ್ಲ, ನೋಟು. ಮದುವೆ ಮನೆಗೆ ಮುಯ್ಯಿ ಕೊಡೋಕೆ ನೂರರ ಜೊತೆ ಒಂದು ಸೇರಿಸ್ತೀವಲ್ಲ, ಅದಕ್ಕೆ ಅಂತ ಎತ್ತಿಟ್ಟಿರೋ ನೋಟು. ಇದ್ರೆ ಒಂದ್ಸಲ ಅದನ್ನ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಒಂದು ಚಿತ್ರ ಇದೆ. ಹಡಗು ಅಂದ್ರೆ ಹಡಗಲ್ಲ, ಕಾರ್ಖಾನೆ ಅಂದ್ರೆ ಕಾರ್ಖಾನೆಯಲ್ಲ. ಸಮುದ್ರದ ಮಧ್ಯೆ ಕಾಲೂರಿ ನಿಂತ ಯಾವುದೋ ಯಂತ್ರ. ಅದರ ಹೆಸರು ಸಾಗರ್ ಸಮ್ರಾಟ್.

ಮಹಾತ್ಮ ಗಾಂಧಿಯವರ ಚಿತ್ರ ಇಲ್ಲದ ಈ ಪುಟಾಣಿ ನೋಟಿಗೆ ಒಂದು ವಿಶೇಷ ಇದೆ. ಬೇರೆ ನೋಟುಗಳನ್ನೆಲ್ಲ ರಿಸರ್ವ್ ಬ್ಯಾಂಕ್ ಹೊರಡಿಸುತ್ತೆ, ಇದನ್ನ ಮಾತ್ರ ನೇರವಾಗಿ ಭಾರತ ಸರ್ಕಾರ ಹೊರಡಿಸುತ್ತೆ. ಸಹಿ ಹಾಕೋದು ಹಣಕಾಸು ಕಾರ್ಯದರ್ಶಿ. 1994ರಲ್ಲಿ ಇದರ ಮುದ್ರಣ ನಿಂತಿತ್ತು, 2015ರಲ್ಲಿ ಮತ್ತೆ ಶುರುವಾಯ್ತು. ಆಗಲೂ ಹಿಂಬದಿಗೆ ಅದೇ ಸಾಗರ್ ಸಮ್ರಾಟ್ ಬಂತು. ಸರ್ಕಾರ ತನ್ನ ನೋಟಿನ ಮೇಲೆ ದೇವಸ್ಥಾನ ಹಾಕಬಹುದಿತ್ತು, ಕೋಟೆ ಹಾಕಬಹುದಿತ್ತು. ಎಣ್ಣೆ ಬಾವಿ ಕೊರೆಯೋ ಒಂದು ಯಂತ್ರವನ್ನ ಯಾಕೆ ಹಾಕಿತು?

ಪೆಟ್ರೋಲ್ ಬೆಲೆ ಐವತ್ತು ಪೈಸೆ ಏರಿದ್ರೆ ನಾವು ಟೀವಿಯವರು ಅರ್ಧ ಗಂಟೆ ಚರ್ಚೆ ಇಡ್ತೀವಿ. ನೀವೂ ನೋಡ್ತೀರಿ. ಆದ್ರೆ ನಮ್ಮದೇ ಸಮುದ್ರದಿಂದ ಅರ್ಧ ಶತಮಾನದಿಂದ ಎಣ್ಣೆ ತೆಗೆಯುತ್ತಿರುವ ಒಎನ್‌ಜಿಸಿ ಎಂಬ ಸಂಸ್ಥೆಯ ಕಥೆ, ಮುಂಬೈ ಕಡಲಿನ ಆ ಬಾವಿಗಳ ಕಥೆ ನಮ್ಮ ಚರ್ಚೆಗೆ ಬರೋದೇ ಇಲ್ಲ. ಇವತ್ತು ಅದನ್ನ ಹೇಳ್ತೀನಿ. ಇದರಲ್ಲಿ ಹೆಮ್ಮೆ ಪಡೋ ಭಾಗ ಇದೆ. ತಲೆ ತಗ್ಗಿಸೋ ಭಾಗವೂ ಇದೆ. ಎರಡನ್ನೂ ಹೇಳದೆ ಇದ್ರೆ ಅದು ಇತಿಹಾಸ ಆಗಲ್ಲ, ಜಾಹೀರಾತಾಗುತ್ತೆ.

ಸ್ವಾತಂತ್ರ್ಯ ಬಂದಾಗ ನಮ್ಮ ಹತ್ರ ಇದ್ದ ಎಣ್ಣೆ ಅಂದ್ರೆ ಅಸ್ಸಾಮಿನದ್ದು. ಅಲ್ಲಿನ ದಿಗ್ಬೋಯ್‌ನಲ್ಲಿ 1889ರಲ್ಲೇ ಎಣ್ಣೆ ಸಿಕ್ಕಿತ್ತು. ದೇಶದ ಎಣ್ಣೆ ವ್ಯವಹಾರ ಪೂರ್ತಿ ವಿದೇಶಿ ಕಂಪನಿಗಳ ಕೈಯಲ್ಲಿತ್ತು. ಸಂಸ್ಕರಿಸೋರೂ ಅವರೇ, ಮಾರೋರೂ ಅವರೇ. ಹೊರಗಿನಿಂದ ತಂದು ಮಾರಿದ್ರೆ ಲಾಭ ಬರ್ತಿರುವಾಗ, ಈ ದೇಶದ ನೆಲ ಅಗೆದು ಹುಡುಕೋ ಆಸಕ್ತಿ ಅವರಿಗೆ ಯಾಕೆ ಇರಬೇಕು? ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಎಣ್ಣೆ ಸಿಗುತ್ತೆ ಅನ್ನೋ ನಂಬಿಕೆಯೂ ಅವರಿಗಿರಲಿಲ್ಲ.

ನಂಬಿದ್ದು ಒಬ್ಬ ಮಂತ್ರಿ. ಕೇಶವದೇವ ಮಾಳವೀಯ. ನೆಹರೂ ಸರ್ಕಾರದಲ್ಲಿ ನೈಸರ್ಗಿಕ ಸಂಪನ್ಮೂಲದ ಹೊಣೆ ಹೊತ್ತಿದ್ದವರು. ಪಶ್ಚಿಮದ ಕಂಪನಿಗಳು ಕೈ ಆಡಿಸಿದಾಗ ಅವರು ಸೋವಿಯತ್ ತಜ್ಞರನ್ನ ಕರೆಸಿದರು. 1956ರ ಆಗಸ್ಟ್ 14ರಂದು ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ ಹುಟ್ಟಿತು. ಅದೇ ಇವತ್ತಿನ ಒಎನ್‌ಜಿಸಿ. ಎರಡೇ ವರ್ಷದಲ್ಲಿ, 1958ರಲ್ಲಿ, ಗುಜರಾತಿನ ಖಂಭಾತ್ ಹತ್ತಿರ ಎಣ್ಣೆ ಸಿಕ್ಕಿತು. 1960ರಲ್ಲಿ ಅಂಕಲೇಶ್ವರ. ಇಲ್ಲ ಇಲ್ಲ ಅಂತಿದ್ದ ದೇಶದಲ್ಲಿ ಎಣ್ಣೆ ಇತ್ತು.

ಗುಜರಾತಿನ ನೆಲದಲ್ಲಿ ಸಿಕ್ಕಿದ ಮೇಲೆ ಮುಂದಿನ ಪ್ರಶ್ನೆ ಸಹಜವಾಗಿಯೇ ಬಂತು. ಖಂಭಾತ್ ಕೊಲ್ಲಿಯ ನೀರಿನ ಅಡಿಯಲ್ಲೂ ಇರಬಹುದಲ್ವಾ? ಅರವತ್ತರ ದಶಕದ ಮಧ್ಯದಲ್ಲಿ 'ಅಕಾಡೆಮಿಕ್ ಅರ್ಖಾಂಗೆಲ್ಸ್ಕಿ' ಅನ್ನೋ ಸೋವಿಯತ್ ಸಮೀಕ್ಷಾ ಹಡಗು ಬಂತು. ನಮ್ಮವರು, ರಷ್ಯಾದವರು ಒಟ್ಟಿಗೆ ಅದರಲ್ಲಿ ಓಡಾಡಿದರು. ಸಮುದ್ರದೊಳಗೆ ಶಬ್ದದ ಅಲೆ ಕಳಿಸೋದು, ತಳದ ಬಂಡೆಗೆ ಬಡಿದು ವಾಪಸ್ ಬರೋ ಅಲೆಯನ್ನ ದಾಖಲು ಮಾಡೋದು. ಅದರಿಂದ ಕೆಳಗಿನ ಬಂಡೆಗಳ ಆಕಾರ ಗೊತ್ತಾಗುತ್ತೆ. ಬೊಂಬಾಯಿಯಿಂದ ಸುಮಾರು 160 ಕಿಲೋಮೀಟರ್ ಪಶ್ಚಿಮಕ್ಕೆ, ನಡುಗಡಲಿನಲ್ಲಿ, ತಳದಡಿಯ ಬಂಡೆ ಒಂದು ದೊಡ್ಡ ಗುಡ್ಡದ ಹಾಗೆ ಉಬ್ಬಿಕೊಂಡಿರೋದು ಕಂಡಿತು. ಅಂಥ ಉಬ್ಬಿನಡಿ ಎಣ್ಣೆ ನಿಲ್ಲೋ ಸಾಧ್ಯತೆ ಇರುತ್ತೆ. ಆ ಉಬ್ಬಿಗೆ ಇಟ್ಟ ಹೆಸರೇ ಬಾಂಬೆ ಹೈ.

ಕಂಡಿದ್ದೇನೋ ಸರಿ, ಕೊರೆಯೋದು ಹೇಗೆ? ಅಲ್ಲಿ ನೀರೇ ಎಪ್ಪತ್ತೈದು ಮೀಟರ್ ಆಳ. ಅದರ ಕೆಳಗೆ ಇನ್ನೂ ಒಂದು ಕಿಲೋಮೀಟರ್‌ಗಿಂತ ಹೆಚ್ಚು ಕೊರೀಬೇಕು. ನಮ್ಮ ಹತ್ರ ಯಂತ್ರ ಇಲ್ಲ, ಅನುಭವ ಇಲ್ಲ, ಡಾಲರ್ ಇಲ್ಲ. 1970ರಲ್ಲಿ ಗುಜರಾತಿನ ಅಲಿಯಾಬೆಟ್‌ನಲ್ಲಿ, ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ, ಮೊದಲ ಪ್ರಯತ್ನ ಆಯ್ತು. ಈಜು ಕಲಿಯೋಕೆ ಮೊದಲು ಸೊಂಟದ ಮಟ್ಟದ ನೀರಿಗಿಳಿದ ಹಾಗೆ. ಆಮೇಲೆ ಜಪಾನಿನ ಮಿತ್ಸುಬಿಷಿ ಕಂಪನಿಯಿಂದ ಒಂದು ರಿಗ್ ಕಟ್ಟಿಸಿ ತಂದರು. ಅದು ತೇಲಿಕೊಂಡು ಬರುತ್ತೆ. ಬಂದು, ತನ್ನ ಕಬ್ಬಿಣದ ಕಾಲುಗಳನ್ನ ಸಮುದ್ರದ ತಳಕ್ಕೆ ಇಳಿಸಿ, ಆ ಕಾಲಿನ ಮೇಲೆ ಮೈಯನ್ನ ನೀರಿನಿಂದ ಮೇಲಕ್ಕೆತ್ತಿ ನಿಲ್ಲುತ್ತೆ. 1973ರಲ್ಲಿ ಬಂದ ಅದೇ ಸಾಗರ್ ಸಮ್ರಾಟ್.

1973 ಅಂದ್ರೆ ಎಂಥ ವರ್ಷ ಗೊತ್ತಾ? ಅಕ್ಟೋಬರ್‌ನಲ್ಲಿ ಅರಬ್-ಇಸ್ರೇಲ್ ಯುದ್ಧ ಆಯ್ತು. ಬ್ಯಾರೆಲ್‌ಗೆ ಮೂರು ಡಾಲರ್ ಆಸುಪಾಸಿನಲ್ಲಿದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ ಹನ್ನೊಂದು-ಹನ್ನೆರಡು ಡಾಲರ್ ಆಯ್ತು. ನವೆಂಬರ್‌ನಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಬೆಲೆ ಏರಿಕೆ ಖಂಡಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಆ ಚಿತ್ರವನ್ನ ನೀವು ಈಗಲೂ ವಾಟ್ಸಾಪ್‌ನಲ್ಲಿ ನೋಡಿರ್ತೀರಿ. ಎಣ್ಣೆ ಆಮದಿನ ಬಿಲ್ಲು ಒಂದೇ ವರ್ಷದಲ್ಲಿ ಎರಡು ಪಟ್ಟು ಆಯ್ತು. ಬರ ಒಂದು ಕಡೆ, ಬೆಲೆ ಏರಿಕೆ ಇನ್ನೊಂದು ಕಡೆ. ಬೀದಿ ಬೀದಿಯಲ್ಲಿ ಚಳವಳಿ.

ಅಂಥ ಹೊತ್ತಲ್ಲಿ, 1974ರ ಫೆಬ್ರವರಿಯಲ್ಲಿ, ಸಾಗರ್ ಸಮ್ರಾಟ್ ಬಾಂಬೆ ಹೈನಲ್ಲಿ ಕೊರೆದ ಮೊದಲ ಬಾವಿಯಲ್ಲೇ ಎಣ್ಣೆ ಬಂತು.

ಮೊದಲ ಬಾವಿ! ಬೋರ್‌ವೆಲ್ ಕೊರೆಸಿದ ನಮ್ಮ ರೈತರನ್ನ ಕೇಳಿ, ಮೊದಲ ಪಾಯಿಂಟಿಗೇ ನೀರು ಬೀಳೋದು ಎಷ್ಟು ಅಪರೂಪ ಅಂತ. ಇದು ನಡುಗಡಲಿನಲ್ಲಿ ಎಣ್ಣೆ. ಅದೇ ವರ್ಷ ಸರ್ಕಾರ ಅಮೆರಿಕದ ಕಂಪನಿಗಳಿಗೂ ಬಂಗಾಳ ಮತ್ತು ಕಛ್ ಕಡಲಿನಲ್ಲಿ ಹುಡುಕೋಕೆ ಅವಕಾಶ ಕೊಟ್ಟಿತ್ತು. ಅವರಿಗೆ ಲಾಭ ತರುವಂಥದ್ದೇನೂ ಸಿಗಲಿಲ್ಲ, ಗಂಟುಮೂಟೆ ಕಟ್ಟಿಕೊಂಡು ಹೋದರು. ಅನುಭವ ಇಲ್ಲದ ನಮ್ಮ ಸರ್ಕಾರಿ ಸಂಸ್ಥೆಗೆ ಸಿಕ್ಕಿತು.

ಸಿಕ್ಕಿದ ಮೇಲೆ ತಡ ಮಾಡಲಿಲ್ಲ. ಸರ್ಕಾರಿ ಕೆಲಸ ಅಂದ್ರೆ ಫೈಲು ಹತ್ತು ಮೇಜು ಸುತ್ತಬೇಕು ಅಂತೀವಲ್ಲ? ಇಲ್ಲಿ ಎಣ್ಣೆ ಕಂಡಿದ್ದು 1974ರ ಫೆಬ್ರವರಿ, ಎಣ್ಣೆ ಉತ್ಪಾದನೆ ಶುರುವಾಗಿದ್ದು 1976ರ ಮೇ 21. ಎರಡು ಕಾಲು ವರ್ಷ. ಆಗ ಒಎನ್‌ಜಿಸಿ ಮುಖ್ಯಸ್ಥರಾಗಿದ್ದವರು ಎನ್.ಬಿ. ಪ್ರಸಾದ್. ಅಣುಶಕ್ತಿ ಇಲಾಖೆಯಿಂದ ಬಂದ ಎಂಜಿನಿಯರ್. ಫ್ರೆಂಚರ ಸಲಹೆ ತಗೊಂಡರು, ವಿಶ್ವಬ್ಯಾಂಕಿನಿಂದ 15 ಕೋಟಿ ಡಾಲರ್ ಸಾಲ ತಗೊಂಡರು. ಆದ್ರೆ ಬಾವಿಯ ಯಜಮಾನಿಕೆ ಬಿಟ್ಟುಕೊಡಲಿಲ್ಲ. ಆ ದಿನ ಪೆಟ್ರೋಲಿಯಂ ಮಂತ್ರಿಯ ಕುರ್ಚಿಯಲ್ಲಿ ಯಾರಿದ್ರು ಗೊತ್ತಾ? ಅದೇ ಕೇಶವದೇವ ಮಾಳವೀಯ. 1963ರಲ್ಲಿ ಒಂದು ವಿವಾದದಲ್ಲಿ ರಾಜೀನಾಮೆ ಕೊಟ್ಟು ಹೋಗಿದ್ದ ಮನುಷ್ಯ, ಹದಿಮೂರು ವರ್ಷದ ನಂತರ ತಾನು ಹುಟ್ಟುಹಾಕಿದ ಸಂಸ್ಥೆ ಸಮುದ್ರದಿಂದ ಎಣ್ಣೆ ತೆಗೆಯೋದನ್ನ ಮಂತ್ರಿಯಾಗಿಯೇ ನೋಡಿದರು.

ಅಲ್ಲಿಂದ ಮುಂದೆ ಕಡಲಲ್ಲಿ ಒಂದು ಊರೇ ಎದ್ದಿತು. ಮೊದಲು ಎಣ್ಣೆಯನ್ನ ಟ್ಯಾಂಕರ್ ಹಡಗಿನಲ್ಲಿ ತರ್ತಿದ್ರು. 1978ರ ಹೊತ್ತಿಗೆ ಸಮುದ್ರದ ತಳದಲ್ಲೇ ಪೈಪ್‌ಲೈನ್ ಹಾಸಿ, ಮುಂಬೈ ಎದುರಿನ ಉರಾನ್‌ಗೆ ಎಣ್ಣೆ ಮತ್ತು ಅನಿಲ ತಂದರು. ಮುಂಬೈ ಹತ್ತಿರದ ವಸಾಯಿ ಕಡಲಿನಲ್ಲಿ ಇನ್ನೂ ದೊಡ್ಡ ಅನಿಲದ ನಿಕ್ಷೇಪ ಸಿಕ್ಕಿತು. ಅದು ಗುಜರಾತಿನ ಹಜೀರಾಕ್ಕೆ ಬಂತು. ಹಜೀರಾದಿಂದ ಮಧ್ಯಪ್ರದೇಶ, ಉತ್ತರ ಪ್ರದೇಶದ ತನಕ 1,700 ಕಿಲೋಮೀಟರ್‌ಗೂ ಉದ್ದದ ಕೊಳವೆ ಹೋಯ್ತು. ಅದರ ದಾರಿಯುದ್ದಕ್ಕೂ ಯೂರಿಯಾ ಕಾರ್ಖಾನೆಗಳು ಎದ್ದವು. ಅರಬ್ಬೀ ಸಮುದ್ರದ ಅನಿಲ ಗಂಗಾ ಬಯಲಿನ ಗೋಧಿ ಹೊಲಕ್ಕೆ ಗೊಬ್ಬರ ಆಯ್ತು. ಎಂಬತ್ತರ ದಶಕದಲ್ಲಿ ಸೌದೆ ಒಲೆ, ಸೀಮೆಎಣ್ಣೆ ಸ್ಟೌ ಬಿಟ್ಟು ಗ್ಯಾಸ್ ಸಿಲಿಂಡರ್‌ಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದಿದ್ದು ನಿಮ್ಮ ಅಮ್ಮನಿಗೆ ನೆನಪಿರುತ್ತೆ. ಆ ಕಾಲದಲ್ಲಿ ದೇಶದ ಸಿಲಿಂಡರ್‌ಗಳಿಗೆ ಅನಿಲ ತುಂಬಿದ ದೊಡ್ಡ ಜಾಗಗಳಲ್ಲಿ ಉರಾನ್ ಕೂಡ ಒಂದು.

ಲೆಕ್ಕ ನೋಡಿ. 1973-74ರಲ್ಲಿ ಇಡೀ ದೇಶ ತೆಗೀತಿದ್ದ ಕಚ್ಚಾ ತೈಲ ವರ್ಷಕ್ಕೆ ಸುಮಾರು 70 ಲಕ್ಷ ಟನ್. 1984-85ಕ್ಕೆ ಅದು ಸುಮಾರು 2 ಕೋಟಿ 90 ಲಕ್ಷ ಟನ್. ಅದರಲ್ಲಿ ಹೆಚ್ಚಿನ ಪಾಲು ಬಾಂಬೆ ಹೈನದ್ದು. 1985ರ ಮಾರ್ಚ್‌ನಲ್ಲಿ ಅದೊಂದೇ ಕ್ಷೇತ್ರ ದಿನಕ್ಕೆ 4,71,000 ಬ್ಯಾರೆಲ್ ಕೊಟ್ಟಿತು. ಒಂದು ಬ್ಯಾರೆಲ್ ಅಂದ್ರೆ 159 ಲೀಟರ್. ದೇಶಕ್ಕೆ ಬೇಕಾದ ಎಣ್ಣೆಯಲ್ಲಿ ಶೇಕಡ 70ರ ಆಸುಪಾಸು ನಮ್ಮದೇ ಆಗಿದ್ದ ಕಾಲ ಅದು. ಇವತ್ತು? ಶೇಕಡ 85ಕ್ಕಿಂತ ಹೆಚ್ಚು ಹೊರಗಿನಿಂದ ಬರ್ತಿದೆ. ತಿರುವು ಮುರುವು ಆಗೋಯ್ತು.

ಯಾಕೆ? ನಮ್ಮ ಬಳಕೆ ಹೆಚ್ಚಾಯ್ತು, ಅದು ದೊಡ್ಡ ಕಾರಣ. ಪ್ರತಿ ಮನೆಗೆ ಒಂದು ಬೈಕು, ಪ್ರತಿ ಬೀದಿಗೆ ಹತ್ತು ಕಾರು. ಒಪ್ಪೋಣ. ಆದ್ರೆ ಇನ್ನೊಂದು ಕಾರಣ ಇದೆ, ಅದನ್ನ ಯಾರೂ ಗಟ್ಟಿಯಾಗಿ ಹೇಳಲ್ಲ.

ಎಣ್ಣೆ ನಿಕ್ಷೇಪ ಅಂದ್ರೆ ನೆಲದಡಿ ಒಂದು ಕೆರೆ ಇರುತ್ತೆ, ಪಂಪು ಹಾಕಿ ಎತ್ತೋದು ಅಂತ ನಾವು ಅಂದ್ಕೊಂಡಿರ್ತೀವಿ. ಹಾಗಲ್ಲ. ಬಾಂಬೆ ಹೈನಲ್ಲಿ ಎಣ್ಣೆ ಇರೋದು ಸುಣ್ಣದ ಕಲ್ಲಿನ ಬಂಡೆಯ ಸಣ್ಣ ಸಣ್ಣ ರಂಧ್ರಗಳಲ್ಲಿ. ಅದನ್ನ ಮೇಲಕ್ಕೆ ತಳ್ಳೋದು ಒಳಗಿನ ಅನಿಲದ ಒತ್ತಡ. ಗೋಲಿ ಸೋಡಾ ನೆನಪಿದೆಯಾ? ಗೋಲಿ ಒತ್ತಿದ ತಕ್ಷಣ ಸೋಡಾ ಚಿಮ್ಮಿ ಬರುತ್ತೆ. ಯಾಕಂದ್ರೆ ಒಳಗೆ ಗ್ಯಾಸ್ ಇದೆ. ಗ್ಯಾಸ್ ಪೂರ್ತಿ ಹೋಗೋಕೆ ಬಿಟ್ಟರೆ? ಸೋಡಾ ಬಾಟಲಿಯಲ್ಲೇ ಉಳಿಯುತ್ತೆ, ತಾನಾಗಿ ಹೊರಗೆ ಬರಲ್ಲ. ಎಣ್ಣೆ ಬಾವಿಯೂ ಹಾಗೇ. ಅವಸರ ಮಾಡಿ ತೆಗೆದ್ರೆ ಅನಿಲ ಮೊದಲು ಹೋಗುತ್ತೆ, ಒತ್ತಡ ಬೀಳುತ್ತೆ, ಎಣ್ಣೆ ಬಂಡೆಯಲ್ಲೇ ಕೂತುಬಿಡುತ್ತೆ. ಅದಕ್ಕೇ ಎಣ್ಣೆ ತೆಗೀತಾ ತೆಗೀತಾ ಇನ್ನೊಂದು ಕಡೆಯಿಂದ ಬಂಡೆಯೊಳಗೆ ನೀರು ತುಂಬುತ್ತಾ ಒತ್ತಡ ಕಾಯಬೇಕು. ಕರೆಯೋ ಹಸುವಿಗೆ ಮೇವು ಹಾಕಿದ ಹಾಗೆ.

ಎಂಬತ್ತರ ದಶಕದಲ್ಲಿ ನಾವು ಹಾಲು ಕರೆದಿದ್ದು ಜಾಸ್ತಿ. ಮೇವು ಹಾಕಿದ್ದು ತಡವಾಗಿ. ಪ್ರತಿ ವರ್ಷ ಗುರಿ ಏರಿಸಬೇಕು, ಪ್ರತಿ ವರ್ಷ ದಾಖಲೆ ಮುರೀಬೇಕು, ದಿಲ್ಲಿಯಲ್ಲಿ ಅಂಕಿ ಹೇಳಬೇಕು. ಬಂಡೆಗೆ ನೀರು ತುಂಬೋ ಕೆಲಸ ಉತ್ಪಾದನೆಯ ಓಟಕ್ಕಿಂತ ಹಿಂದೆ ಬಿತ್ತು. ದಶಕದ ಕೊನೆ ಹೊತ್ತಿಗೆ ಒತ್ತಡ ಕುಸಿದು ಹಲವು ಬಾವಿಗಳನ್ನ ಮುಚ್ಚಬೇಕಾಯ್ತು. 1989-90ರಲ್ಲಿ 3 ಕೋಟಿ 40 ಲಕ್ಷ ಟನ್ ಇದ್ದ ದೇಶದ ಉತ್ಪಾದನೆ 1992-93ಕ್ಕೆ 2 ಕೋಟಿ 70 ಲಕ್ಷ ಟನ್‌ಗೆ ಇಳಿಯಿತು.

ಆ ಮೂರು ವರ್ಷ ಯಾವುದು ಅಂತ ನೋಡಿ. 1990ರ ಆಗಸ್ಟ್‌ನಲ್ಲಿ ಸದ್ದಾಂ ಹುಸೇನ್ ಕುವೈತ್‌ಗೆ ನುಗ್ಗಿದರು. ಎಣ್ಣೆ ಬೆಲೆ ಮತ್ತೆ ಹಾರಿತು. ಸರಿಯಾಗಿ ಆಗಲೇ ನಮ್ಮ ಬಾವಿಗಳು ಸೊರಗಿದ್ದವು. 1991ರಲ್ಲಿ ದೇಶದ ಹತ್ರ ಕೆಲವು ವಾರಗಳ ಆಮದಿಗೆ ಸಾಲುವಷ್ಟು ಮಾತ್ರ ಡಾಲರ್ ಉಳಿದಿತ್ತು. ರಿಸರ್ವ್ ಬ್ಯಾಂಕಿನ 47 ಟನ್ ಚಿನ್ನವನ್ನ ವಿಮಾನದಲ್ಲಿ ಹೊರದೇಶಕ್ಕೆ ಕಳಿಸಿ ಅಡ ಇಟ್ಟೆವು. ಆ ಬಿಕ್ಕಟ್ಟಿಗೆ ಬಾಂಬೆ ಹೈ ಒಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳಿದ್ರೆ ಸುಳ್ಳಾಗುತ್ತೆ. ಸಾಲ, ವಿತ್ತೀಯ ಕೊರತೆ, ರಾಜಕೀಯ ಅಸ್ಥಿರತೆ ಎಲ್ಲ ಇತ್ತು. ಆದ್ರೆ 1974ರ ಬಿಕ್ಕಟ್ಟಿನಲ್ಲಿ ಧೈರ್ಯ ಕೊಟ್ಟ ಸಮುದ್ರ, 1991ರಲ್ಲಿ ಕೈ ಹಿಡಿಯೋ ಸ್ಥಿತಿಯಲ್ಲಿರಲಿಲ್ಲ. ಅದನ್ನ ಆ ಸ್ಥಿತಿಗೆ ತಂದವರು ನಾವೇ.

ಇದಿಷ್ಟು ಬಂಡೆಯ ಕಥೆ. ಈಗ ಮನುಷ್ಯರ ಕಥೆಗೆ ಬರ್ತೀನಿ.

ಈ ಕಡಲೂರಿಗೆ ಕೆಲಸಕ್ಕೆ ಹೋಗೋದು ಹೇಗೆ? ಮುಂಬೈನ ಜುಹುವಿನಿಂದ ಹೆಲಿಕಾಪ್ಟರ್ ಹತ್ತಬೇಕು. ಸಾಮಾನು ಸರಂಜಾಮು ನ್ಹಾವಾ ಅನ್ನೋ ಕಡೆಯಿಂದ ಹಡಗಿನಲ್ಲಿ ಹೋಗುತ್ತೆ. ಒಎನ್‌ಜಿಸಿ ನೌಕರರಿಗೆ ಹದಿನಾಲ್ಕು ದಿನ ಕಡಲಲ್ಲಿ, ಹದಿನಾಲ್ಕು ದಿನ ಮನೆಯಲ್ಲಿ. ಕಾಲ ಕೆಳಗೆ ಕಬ್ಬಿಣದ ಜಾಲರಿ, ಅದರ ಕೆಳಗೆ ನೀರು, ಸುತ್ತ ಎಲ್ಲಿ ನೋಡಿದ್ರೂ ಪೈಪು. ಪೈಪಿನೊಳಗೆ ಒತ್ತಡದಲ್ಲಿರೋ ಅನಿಲ. ಒಂದು ಕಿಡಿ ಸಾಕು. ಹೋಗೋ ದಾರಿಯೂ ಸಲೀಸಲ್ಲ. 2003ರ ಆಗಸ್ಟ್‌ನಲ್ಲಿ ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದು 27 ಜನ ಹೋದರು. 2018ರ ಜನವರಿಯಲ್ಲಿ ಏಳು ಜನ. 2022ರ ಜೂನ್‌ನಲ್ಲಿ ನಾಲ್ವರು.

2005ರ ಜುಲೈ 26 ನಿಮಗೆ ನೆನಪಿರುತ್ತೆ. ಮುಂಬೈನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಗರ ಮುಳುಗಿತು. ನಾವೆಲ್ಲ ಆ ಮಳೆಯ ಸುದ್ದಿಯಲ್ಲೇ ಮುಳುಗಿದ್ವಿ. ಮಾರನೇ ದಿನ, ಜುಲೈ 27ರಂದು, ಕಡಲಲ್ಲಿ ಏನಾಯ್ತು ಅಂತ ಎಷ್ಟು ಜನರಿಗೆ ಗೊತ್ತು?

'ಸಮುದ್ರ ಸುರಕ್ಷಾ' ಅಂತ ಒಂದು ಸಹಾಯಕ ಹಡಗು. ಹೆಸರು ನೋಡಿ, ಸುರಕ್ಷಾ. ಅದರ ಅಡುಗೆಯವನಿಗೆ ಕೆಲಸ ಮಾಡುವಾಗ ಬೆರಳಿಗೆ ಪೆಟ್ಟಾಯ್ತು. ಚಿಕಿತ್ಸೆ ಬೇಕು. ಹೆಲಿಕಾಪ್ಟರ್ ಹಾರೋ ಹಾಗಿಲ್ಲ, ಅಂಥ ಮಳೆಗಾಳಿ. ಬಾಂಬೆ ಹೈ ಉತ್ತರದ ಬಿಎಚ್‌ಎನ್ ಪ್ಲಾಟ್‌ಫಾರ್ಮ್‌ಗೆ ಅವನನ್ನ ಕ್ರೇನಿನ ಬುಟ್ಟಿಯಲ್ಲಿ ಏರಿಸೋಣ ಅಂತ ಹಡಗನ್ನ ಹತ್ತಿರ ತಂದರು. ಏರಿಸಿದ್ದೂ ಆಯ್ತು. ಆದ್ರೆ ಆ ಅಲೆಯಲ್ಲಿ ಹಡಗಿನ ನಿಯಂತ್ರಣ ತಪ್ಪಿತು. ಸಮುದ್ರದ ತಳದಿಂದ ಪ್ಲಾಟ್‌ಫಾರ್ಮ್‌ಗೆ ನೇರವಾಗಿ ಏರಿಬರೋ ಅನಿಲದ ಪೈಪುಗಳಿಗೆ ಹಡಗು ಬಡಿಯಿತು. ಪೈಪು ಒಡೆಯಿತು, ಅನಿಲ ಸೋರಿತು, ಬೆಂಕಿ ಹತ್ತಿತು. ಸುಮಾರು ಎರಡು ಗಂಟೆಯಲ್ಲಿ ಆ ಇಡೀ ಉಕ್ಕಿನ ಕಟ್ಟಡ ಕರಗಿ ಸಮುದ್ರಕ್ಕೆ ಕುಸಿಯಿತು.

ಅಲ್ಲಿ ಆ ಹೊತ್ತಿಗೆ ಇದ್ದವರು 384 ಜನ. ಎಂಟು ಲೈಫ್‌ಬೋಟ್‌ಗಳಲ್ಲಿ ನೀರಿಗಿಳಿದಿದ್ದು ಎರಡು. ಉಳಿದವರು ಆ ಮಳೆಗಾಲದ ಸಮುದ್ರಕ್ಕೆ ಹಾರಿದರು. ನೌಕಾಪಡೆ, ಕರಾವಳಿ ಕಾವಲು ಪಡೆ, ಸುತ್ತಲಿದ್ದ ಹಡಗುಗಳು ಸೇರಿ ಗಂಟೆಗಟ್ಟಲೆ ಹುಡುಕಿ 362 ಜನರನ್ನ ಎತ್ತಿದವು. ಆ ಸಮುದ್ರದಲ್ಲಿ ಅಷ್ಟು ಜನರನ್ನ ಉಳಿಸಿದ್ದು ದೊಡ್ಡ ಸಾಹಸ, ಅದಕ್ಕೆ ಕೈ ಮುಗೀಬೇಕು. ಇಪ್ಪತ್ತೆರಡು ಜನ ಬರಲಿಲ್ಲ. ಬೆಂಕಿ ಹತ್ತಿದ ಹಡಗಿನ ಒತ್ತಡದ ಕೋಣೆಯೊಳಗೆ ಆರು ಮುಳುಗುಗಾರರು ಸಿಕ್ಕಿಹಾಕಿಕೊಂಡಿದ್ದರು. ಅವರನ್ನ ಹೊರಗೆ ತರೋಕೆ ಒಂದೂವರೆ ದಿನ ಹಿಡಿಯಿತು. ಆಮೇಲೆ ಆ ಹಡಗೂ ಮುಳುಗಿತು.

ಇಪ್ಪತ್ತೆರಡು ಸಾವಿಗೆ ಒಂದು ಗಾಯಗೊಂಡ ಬೆರಳು ಕಾರಣವಾ? ಖಂಡಿತ ಅಲ್ಲ. ಗಾಯಗೊಂಡವನನ್ನ ಉಳಿಸಬೇಕು ಅಂದ್ಕೊಂಡಿದ್ದು ತಪ್ಪಲ್ಲ. ಅನಿಲ ತುಂಬಿದ ಪೈಪುಗಳು ಹಡಗು ಬಂದು ತಾಗುವಂಥ ಜಾಗದಲ್ಲಿ ಸರಿಯಾದ ರಕ್ಷಣೆ ಇಲ್ಲದೆ ನಿಂತಿದ್ದವಲ್ಲ, ಅದು ಕಾರಣ. ಅಂಥ ಗಾಳಿಯಲ್ಲಿ ಹಡಗು ಎಷ್ಟು ಹತ್ತಿರ ಬರಬಹುದು ಅನ್ನೋದನ್ನ ಬಿಗಿಯಾಗಿ ತಡೆಯೋ ವ್ಯವಸ್ಥೆ ಇರಲಿಲ್ಲವಲ್ಲ, ಅದು ಕಾರಣ.

ಬ್ರಿಟನ್ನಿನ ಉತ್ತರ ಸಮುದ್ರದಲ್ಲಿ 1988ರ ಜುಲೈನಲ್ಲಿ ಪೈಪರ್ ಆಲ್ಫಾ ಅನ್ನೋ ಪ್ಲಾಟ್‌ಫಾರ್ಮ್ ಸುಟ್ಟುಹೋಗಿ 167 ಜನ ಸತ್ತರು. ಅಲ್ಲಿ ಲಾರ್ಡ್ ಕಲ್ಲನ್ ಅನ್ನೋ ನ್ಯಾಯಾಧೀಶರು ಬಹಿರಂಗ ವಿಚಾರಣೆ ನಡೆಸಿ 106 ಶಿಫಾರಸು ಕೊಟ್ಟರು. ಅಷ್ಟನ್ನೂ ಒಪ್ಪಿಕೊಂಡರು. ನಿನ್ನ ಪ್ಲಾಟ್‌ಫಾರ್ಮ್ ಸುರಕ್ಷಿತ ಅಂತ ಕಂಪನಿಯೇ ಮೊದಲು ಸಾಬೀತು ಮಾಡಬೇಕು ಅನ್ನೋ ನಿಯಮ ಬಂತು. ನಮ್ಮಲ್ಲಿ ಕಡಲ ಎಣ್ಣೆ ಕೆಲಸಕ್ಕೇ ಅಂತ ಪ್ರತ್ಯೇಕ ಸುರಕ್ಷತಾ ನಿಯಮ ಬಂದಿದ್ದು 2008ರಲ್ಲಿ. ಲೆಕ್ಕ ಹಾಕಿ. ಎಣ್ಣೆ ತೆಗೆಯೋಕೆ ಶುರು ಮಾಡಿ ಮೂವತ್ತೆರಡು ವರ್ಷದ ಮೇಲೆ, ಇಪ್ಪತ್ತೆರಡು ಹೆಣ ಬಿದ್ದು ಮೂರು ವರ್ಷದ ಮೇಲೆ.

ನಿಯಮ ಬಂದ ಮೇಲೆ ಎಲ್ಲ ಸರಿ ಹೋಯ್ತಾ? 2021ರ ಮೇ ತಿಂಗಳಿಗೆ ಬನ್ನಿ. ಕೊರೊನಾ ಎರಡನೇ ಅಲೆ. ಆಕ್ಸಿಜನ್, ಬೆಡ್ಡು, ಸ್ಮಶಾನ, ಇದೇ ಸುದ್ದಿ. ಅದರ ಮಧ್ಯೆ ತೌಕ್ತೆ ಚಂಡಮಾರುತ. ನಮ್ಮ ಕರಾವಳಿಯಲ್ಲೇ ಅದರ ಹೊಡೆತ ನೋಡಿದ್ವಿ. ಮಂಗಳೂರಿನ ಹತ್ತಿರ ಒಂದು ಟಗ್ ಬೋಟ್ ಮಗುಚಿತು. 'ಕೋರಮಂಡಲ್ ಸಪೋರ್ಟರ್' ಅನ್ನೋ ಇನ್ನೊಂದು ಟಗ್ ಬಂಡೆಗೆ ಸಿಕ್ಕಿಹಾಕಿಕೊಂಡು, ಅದರಲ್ಲಿದ್ದ ಒಂಬತ್ತು ಜನರನ್ನ ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆ ಪಾರು ಮಾಡಿದ ದೃಶ್ಯ ನಾವೇ ಪದೇ ಪದೇ ತೋರಿಸಿದ್ವಿ.

ಅದೇ ಚಂಡಮಾರುತ ಉತ್ತರಕ್ಕೆ ಹೋಯ್ತು. ಬಾಂಬೆ ಹೈ ಹತ್ತಿರ ಪಿ-305 ಅನ್ನೋ ಒಂದು ಬಾರ್ಜ್ ಇತ್ತು. ಬಾರ್ಜ್ ಅಂದ್ರೆ ತನ್ನದೇ ಎಂಜಿನ್ನಿನಿಂದ ಓಡದ, ಬೇರೆ ದೋಣಿ ಎಳೀಬೇಕಾದ ತೇಲುವ ಕಟ್ಟಡ. ಒಎನ್‌ಜಿಸಿಯ ಕಾಮಗಾರಿ ಮಾಡ್ತಿದ್ದ ಗುತ್ತಿಗೆ ಕೆಲಸಗಾರರು ಅದರಲ್ಲಿ ವಾಸ ಇದ್ರು. ಹವಾಮಾನ ಇಲಾಖೆ ದಿನಗಳ ಮುಂಚೆಯೇ ಎಚ್ಚರಿಕೆ ಕೊಟ್ಟಿತ್ತು. ಬಾರ್ಜ್ ದಡಕ್ಕೆ ಬರಲಿಲ್ಲ. ಲಂಗರು ಕಿತ್ತು, ಅಲೆಗೆ ಸಿಕ್ಕಿ, ಪ್ಲಾಟ್‌ಫಾರ್ಮ್ ಒಂದಕ್ಕೆ ಬಡಿದು, ಮೇ 17ರ ಸಂಜೆ ಮುಳುಗಿತು. ಅದರಲ್ಲಿದ್ದವರು 261 ಜನ. 'ವರಪ್ರದಾ' ಅನ್ನೋ ಟಗ್ ಕೂಡ ಮುಳುಗಿತು. ಐಎನ್‌ಎಸ್ ಕೊಚ್ಚಿ, ಐಎನ್‌ಎಸ್ ಕೋಲ್ಕತಾ ರಾತ್ರಿಯಿಡೀ ಆ ಗಾಳಿಯಲ್ಲಿ ಹುಡುಕಿದವು. ಎರಡೂ ಸೇರಿ 86 ಜನ ಸತ್ತರು.

ಆ ವಾರ ನಾನು ಸ್ಟುಡಿಯೋದಲ್ಲಿದ್ದೆ. ನಿಜ ಹೇಳ್ತೀನಿ, ನಮ್ಮಲ್ಲಿ ಆ ಸುದ್ದಿ ಹೆಚ್ಚಾಗಿ ಹೋಗಿದ್ದು ಪರದೆಯ ಕೆಳಗಿನ ಪಟ್ಟಿಯಲ್ಲಿ. ಮೇಲೆ ಕೊರೊನಾ ಅಂಕಿ, ಕೆಳಗೆ ಓಡ್ತಾ ಇರೋ ಸಾಲಿನಲ್ಲಿ ಬಾರ್ಜ್. ಇನ್ನಷ್ಟು ಶವ ಪತ್ತೆ, ಇನ್ನಷ್ಟು ಶವ ಪತ್ತೆ. ಆ ಸಾಲು ಓಡ್ತಾನೇ ಇತ್ತು. ಅವರು ಯಾರು, ಯಾವ ಊರಿನ ವೆಲ್ಡರ್, ಯಾವ ಊರಿನ ಫಿಟ್ಟರ್, ಮುಳುಗೋ ಬಾರ್ಜ್‌ನಿಂದ ಮನೆಗೆ ಕೊನೇ ಸಲ ಏನು ಹೇಳಿದ್ರು, ನಾನು ಕೇಳಲಿಲ್ಲ. ಆಮೇಲೆ ಬಾರ್ಜ್‌ನ ಕ್ಯಾಪ್ಟನ್ ಮೇಲೆ ಕೇಸು ಬಿತ್ತು. ಸಮುದ್ರಕ್ಕೆ ಹೋದವನ ಮೇಲೆ ಕೇಸು ಹಾಕೋದು ಸುಲಭ ನೋಡಿ. ಎಚ್ಚರಿಕೆ ಬಂದ ಮೇಲೂ ಇಷ್ಟು ಜನರನ್ನ ಕಡಲಲ್ಲಿ ಬಿಟ್ಟ ತೀರ್ಮಾನ ಒಬ್ಬ ಕ್ಯಾಪ್ಟನ್ನಿನದ್ದಷ್ಟೇ ಆಗಿತ್ತಾ? ಕೆಲಸ ಕೊಟ್ಟವರು, ಗುತ್ತಿಗೆ ಹಿಡಿದವರು, ಒಳಗುತ್ತಿಗೆ ಪಡೆದವರು, ಈ ಸರಪಳಿಯಲ್ಲಿ ಹೊಣೆ ಯಾರ ಹತ್ರ ನಿಲ್ಲುತ್ತೆ?

ಇದು ಮುಂಬೈ ಕಥೆ, ನಮಗೇನು ಅಂತ ಅನ್ನಬೇಡಿ. ಸುರತ್ಕಲ್ ಹತ್ತಿರದ ಕುತ್ತೆತ್ತೂರಿನ ಎಂಆರ್‌ಪಿಎಲ್ ರಿಫೈನರಿ 2003ರಿಂದ ಇದೇ ಒಎನ್‌ಜಿಸಿ ಮನೆತನದ್ದು. ಮುಂಬೈ ಕಡಲಿನ ಎಣ್ಣೆ ಅಲ್ಲೂ ಸಂಸ್ಕರಣೆ ಆಗಿದೆ. ನಿಮ್ಮ ಸ್ಕೂಟರ್ ಟ್ಯಾಂಕಿಗೆ ಬಿದ್ದ ಪೆಟ್ರೋಲಿನಲ್ಲಿ ಒಂದಿಷ್ಟು ಹನಿ ಯಾವತ್ತಾದರೂ ಆ ಸುಣ್ಣದ ಬಂಡೆಯಿಂದಲೇ ಬಂದಿರಬಹುದು.

ಈಗ ಆ ಕ್ಷೇತ್ರಕ್ಕೆ ವಯಸ್ಸಾಗಿದೆ. ದಿನಕ್ಕೆ 4,71,000 ಬ್ಯಾರೆಲ್ ಕೊಟ್ಟಿದ್ದು 2024ರ ಏಪ್ರಿಲ್‌ಗೆ 1,34,000ಕ್ಕೆ ಇಳಿದಿತ್ತು. ಇನ್ನೂ ದೇಶದ ಅತಿ ದೊಡ್ಡ ಎಣ್ಣೆ ಕ್ಷೇತ್ರ ಅದೇ. ಸೊರಗಿದ ಬಂಡೆಯಿಂದ ಇನ್ನಷ್ಟು ಎಣ್ಣೆ ತೆಗೆಯೋಕೆ ತಾಂತ್ರಿಕ ನೆರವು ಕೊಡಲು 2025ರ ಜನವರಿಯಲ್ಲಿ ಬ್ರಿಟನ್ನಿನ ಬಿಪಿ ಕಂಪನಿಯನ್ನ ಆಯ್ಕೆ ಮಾಡಿದರು. ವಿದೇಶಿಯರನ್ನ ಕರೆದಿದ್ದು ಅವಮಾನ ಅಂತ ನಾನೇನೂ ಬೊಬ್ಬೆ ಹೊಡೆಯಲ್ಲ. 1964ರಲ್ಲಿ ರಷ್ಯಾದವರಿಂದ ಕಲಿತ್ವಿ, ಎಪ್ಪತ್ತರಲ್ಲಿ ಜಪಾನಿನವರಿಂದ ರಿಗ್ ತಂದ್ವಿ, ಫ್ರೆಂಚರ ಸಲಹೆ ಕೇಳಿದ್ವಿ. ಕಲಿಯೋಕೆ ನಾಚಿಕೆ ಯಾಕೆ? ಸಾಗರ್ ಸಮ್ರಾಟ್ ಕೂಡ ಇನ್ನೂ ಇದೆ. ಕೊರೆಯೋ ಕೆಲಸ ಬಿಡಿಸಿ, ಎಣ್ಣೆ ಸಂಸ್ಕರಿಸೋ ಘಟಕವಾಗಿ ಮಾರ್ಪಡಿಸಿ 2022ರಲ್ಲಿ ಮತ್ತೆ ಅದೇ ಸಮುದ್ರದಲ್ಲಿ ನಿಲ್ಲಿಸಿದ್ದಾರೆ. ಅರ್ಧ ಶತಮಾನದ ಮೇಲೂ ದುಡೀತಿದೆ.

ನನ್ನ ಪ್ರಶ್ನೆ ಬೇರೆ. ಮುದಿ ಹಸುವಿನಿಂದ ಇನ್ನಷ್ಟು ಹಾಲು ಕರೆಯೋಕೆ ಹೊರಟಿದ್ದೀವಿ. ಹಳೇ ಪೈಪು, ಹಳೇ ಪ್ಲಾಟ್‌ಫಾರ್ಮ್, ಹೆಚ್ಚು ಹೆಚ್ಚು ಗುತ್ತಿಗೆ ಕೆಲಸಗಾರರು. ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳೂ ಹೆಚ್ಚಾಗ್ತಿವೆ ಅಂತ ಹವಾಮಾನ ತಜ್ಞರು ಹೇಳ್ತಿದ್ದಾರೆ. ಉತ್ಪಾದನೆ ಎಷ್ಟು ಏರುತ್ತೆ ಅನ್ನೋ ಅಂಕಿ ಆಗಲೇ ನಮ್ಮ ಕೈಗೆ ಬಂದಿದೆ. ಮುಂದಿನ ಚಂಡಮಾರುತದ ಎಚ್ಚರಿಕೆ ಬಂದಾಗ ಕೊನೇ ಗುತ್ತಿಗೆ ಕೆಲಸಗಾರನನ್ನ ದಡಕ್ಕೆ ತರೋ ಹೊಣೆ ಯಾರದ್ದು, ಎಷ್ಟು ಗಂಟೆಯೊಳಗೆ, ತರದಿದ್ರೆ ಜೈಲಿಗೆ ಹೋಗೋರು ಯಾರು? ಈ ಮೂರು ಪ್ರಶ್ನೆಗೆ ಒಂದೊಂದು ಸಾಲಿನ ಉತ್ತರ ಸರ್ಕಾರ ಜನರ ಮುಂದೆ ಇಡಲಿ. ಯಾರೂ ನಂಬದೇ ಇದ್ದಾಗ ಸಮುದ್ರದ ತಳದಿಂದ ಎಣ್ಣೆ ತಂದ ಸಂಸ್ಥೆಗೆ ಇದು ಆಗದ ಕೆಲಸ ಅಂತ ನಾನು ನಂಬಲ್ಲ.

ಮುಂದಿನ ಸಲ ಮುಯ್ಯಿ ಕವರ್‌ಗೆ ಆ ಒಂದು ರೂಪಾಯಿ ನೋಟು ಹಾಕೋ ಮುಂಚೆ ಒಂದ್ಸಲ ತಿರುಗಿಸಿ, ಮನೆಯ ಮಕ್ಕಳಿಗೆ ತೋರಿಸಿ. ಇದು ನಮ್ಮ ದೇಶ ಸಮುದ್ರದಲ್ಲಿ ಗೆದ್ದ ಕಥೆ ಅಂತ ಹೇಳಿ. ಆಮೇಲೆ 22 ಮತ್ತು 86, ಈ ಎರಡು ಅಂಕಿಯನ್ನೂ ಹೇಳಿ. ನೋಟಿನ ಮೇಲೆ ಅದಕ್ಕೆ ಜಾಗ ಇಲ್ಲ. ನಮ್ಮ ನೆನಪಿನಲ್ಲಾದರೂ ಇರಲಿ.